ಅಕ್ಕನಿಗೊಂದು ಒಲೆ

ಮುಳಬಾಗಿಲು
12 ಜೂನ್ 1938

ಪ್ರೀತಿಯ ಅಕ್ಕ,

‘ಮಾಡುವ ವಿಜ್ಞಾಪನೆಗಳು’ ಎಂದೇ ಆರಂಭಿಸಬೇಕೆಂದು ಇವರು ಹೇಳಿಕೊಟ್ಟರು. ತಹಸೀಲ್ದಾರರಿಗೆ ಅರ್ಜಿ ಬರೆದ ಹಾಗಿರುತ್ತದೆ, ನಾನು ಒಲ್ಲೆ ಎಂದೆ. ನಿಮ್ಮನ್ನು ಅಕ್ಕ ಎಂದೇ ಕರೆಯುತ್ತೇನೆ. ವಾರಗಿತ್ತಿ ಎಂಬ ಮಾತು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಇಬ್ಬರು ಹೆಂಗಸರು ಸೊಂಟಕ್ಕೆ ಸೆರಗು ಸಿಕ್ಕಿಸಿ ಎದುರುಬದುರು ನಿಂತ ಹಾಗೆ ಕೇಳಿಸುತ್ತದೆ! ನಮ್ಮ ಮದುವೆಯ ದಿನ ಪಂಕ್ತಿಯಲ್ಲಿ ನಾನು ನಾಚಿಕೊಂಡು ಅರ್ಧ ಒಬ್ಬಟ್ಟು ಬಿಟ್ಟಾಗ ನೀವು ಬಗ್ಗಿ, “ತಿನ್ನಮ್ಮ, ಆಮೇಲೆ ಯಾರೂ ಕೇಳಲ್ಲ” ಎಂದಿರಿ. ನಿಮ್ಮ ಬಾಯಿಂದ ನಾನು ಕೇಳಿದ್ದು ಅದೊಂದೇ ಮಾತು. ಆ ಕ್ಷಣವೇ ತೀರ್ಮಾನಿಸಿದೆ, ಇವರು ನನ್ನ ಅಕ್ಕ ಎಂದು. ಮಾಲೂರಿನ ನಮ್ಮ ಮನೆಗೆ ನಾನೊಬ್ಬಳೇ ಮಗಳು. ಬೆಂಗಳೂರಿನ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಅಷ್ಟೊಂದು ಹುಡುಗಿಯರ ನಡುವೆ ಬೆಳೆದೆ. ಅಲ್ಲಿ ಎಲ್ಲರೂ ಮಿಸ್, ಸಿಸ್ಟರ್, ಮದರ್. ಅಕ್ಕ ಮಾತ್ರ ಯಾರೂ ಇರಲಿಲ್ಲ.

ಈಗ ಮುಖ್ಯ ವಿಷಯ. ಕೆರೆಯ ಏರಿಯನ್ನು ಎತ್ತರಿಸುತ್ತಾರೆ, ನಮ್ಮ ಹಳೆಯ ಮನೆಯ ಹಿತ್ತಲವರೆಗೂ ನೀರು ಬರುತ್ತದೆ, ಸಂಕ್ರಾಂತಿಯೊಳಗೆ ಮನೆ ಬಿಡಬೇಕು ಎಂದು ಭಾವನವರು ಬರೆದ ಕಾಗದ ಬಂತು. ಎಲ್ಲರೂ ಅಳುತ್ತೀರೇನೋ. ನನಗೆ ಮಾತ್ರ (ಬೈಯಬೇಡಿ) ಕುಣಿಯುವ ಹಾಗಾಯಿತು. ಅತ್ತೆಯ ತವರಿನಿಂದ ಬಂದ ಹೊಲ ಕುರುಡುಮಲೆಯ ದಾರಿಯಲ್ಲಿದೆಯಲ್ಲ, ಅಲ್ಲೇ ಒಂದು ಮನೆ ನೋಡಬೇಕಂತೆ. ಅಜ್ಜಿ, ಅತ್ತೆ, ಭಾವ, ನೀವು, ಮಕ್ಕಳು, ನಾವಿಬ್ಬರು, ಎಲ್ಲ ಒಂದೇ ಸೂರಿನ ಕೆಳಗೆ! ಇವರಿಗೆ ಸ್ಕೂಲು ಬಿಟ್ಟು ಬರಲು ಆಗುವುದಿಲ್ಲ. ಮನೆ ಹುಡುಕುವ ಕೆಲಸವನ್ನು ನನಗೇ ಬಿಟ್ಟಿದ್ದಾರೆ. ಇಷ್ಟು ದೊಡ್ಡ ಕೆಲಸವನ್ನು ನನಗೆ ಈವರೆಗೆ ಯಾರೂ ನಂಬಿ ಕೊಟ್ಟಿರಲಿಲ್ಲ.

ನಿನ್ನೆ ಬಾಡಿಗೆ ಗಾಡಿ ಹೊಡೆಯುವ ಪೆದ್ದಪ್ಪನ ಜೊತೆ ಹೋಗಿ ಊರಂಚಿನ ಒಂದು ಬಂಗಲೆ ನೋಡಿದೆ. ಅಕ್ಕ, ಕಿಟಕಿಗಳಿಗೆ ಬಣ್ಣದ ಗಾಜು! ಕೆಂಪು, ಹಸಿರು, ನೀಲಿ. ವರಾಂಡದ ತುಂಬ ಮಲ್ಲಿಗೆ ಬಳ್ಳಿ. ಪೆದ್ದಪ್ಪ, “ಅಮ್ಮಣ್ಣೀ, ಇದು ಮನೆಯಲ್ಲಮ್ಮೋ, ಅರಮನೆ” ಎಂದ. ನಾನು ನೀಲಿ ಗಾಜಿನಿಂದ ನೋಡಿದರೆ ಅವನ ಎತ್ತುಗಳೂ ನೀಲಿ.

ಮನೆಯ ಅಡುಗೆಯೆಲ್ಲ ಚೆನ್ನಾಗಿ ಸಾಗಿದೆ ಎಂದು ಅತ್ತೆಗೆ ಹೇಳಿ. ಮುದ್ದೆ ಬೆಣ್ಣೆಯ ಹಾಗೆ ಬರುತ್ತದೆ, ಒಂದು ಗಂಟೂ ಇರುವುದಿಲ್ಲ.

ನಿಮ್ಮ, ನಿಮ್ಮದೇ ಆದ,
ಶ್ಯಾಮಲ

~

ಕ್ಯಾಲನೂರು
21 ಜೂನ್ 1938

ಶ್ಯಾಮಲಮ್ಮನವರಿಗೆ,

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಕಾಗದವನ್ನು ಅತ್ತೆಗೂ ಅಜ್ಜಿಗೂ ಓದಿ ಹೇಳಿದೆ. ಬಂಗಲೆಯಲ್ಲಿ ದನ ಕಟ್ಟುವುದು ಎಲ್ಲಿ? ರಾಗಿ ಇಡುವುದು ಎಲ್ಲಿ? ರೇಷ್ಮೆ ಹುಳಕ್ಕೆ ಬಿಸಿಲು ನುಗ್ಗದ ಕೋಣೆ ಬೇಕು. ಅಜ್ಜಿಗೆ ಕಣ್ಣು ಮಂಜು, ಗೋಡೆ ಸವರಿಕೊಂಡು ಓಡಾಡುತ್ತಾರೆ. ಹೊಸಲು ತಗ್ಗಾಗಿರಬೇಕು, ಜಗಲಿಗೆ ಬೆಳಗಿನ ಬಿಸಿಲು ಬೀಳಬೇಕು. ಒಲೆ ಎಷ್ಟಿದೆ ಎಂಬುದನ್ನು ಬರೆಯಿರಿ.

ಬಣ್ಣದ ಗಾಜಿನ ವಿಷಯಕ್ಕೆ ಅತ್ತೆ ಏನೂ ಅನ್ನಲಿಲ್ಲ.

ಆಂಜಿನಮ್ಮ

~

ಮುಳಬಾಗಿಲು
10 ಜುಲೈ 1938

ನನ್ನ ಅಕ್ಕ,

ನಿಮ್ಮ ಕಾರ್ಡು ಬಂದ ದಿನ ನಾನು ಸ್ವಲ್ಪ ಅತ್ತುಬಿಟ್ಟೆ. ಈಗ ಹೇಳಬಹುದು, ಏಕೆಂದರೆ ಅದು ಮುಗಿದ ಕಥೆ. ಅಷ್ಟುದ್ದ ಬರೆದವಳಿಗೆ ಇಷ್ಟೇ ಇಷ್ಟು ಉತ್ತರವೇ, ಈ ಅಕ್ಕನಿಗೆ ನಾನು ಹಿಡಿಸಲಿಲ್ಲ ಎಂದುಕೊಂಡೆ. ‘ಶ್ಯಾಮಲಮ್ಮನವರಿಗೆ’ ಎಂದು ಬೇರೆ ಬರೆದಿದ್ದೀರಿ! ನಾನೇನು ಹೆಡ್ಮಿಸ್ಟ್ರೆಸ್ಸೇ? ಮತ್ತೆ ಓದಿದೆ. ಓದಿದ ಹಾಗೆಲ್ಲ ನಿಮ್ಮ ಒಂದೊಂದು ಸಾಲಿನಲ್ಲೂ ಒಬ್ಬೊಬ್ಬರು ಕಂಡರು. ಹಸು, ಹುಳ, ಅಜ್ಜಿ, ಎಲ್ಲರಿಗೂ ಜಾಗ ಕೇಳಿದ್ದೀರಿ. ನಾನು ನೋಡಿದ್ದು ಕಿಟಕಿ ಮಾತ್ರ. ಬಂಗಲೆಯನ್ನು ಅಂದೇ ಮನಸ್ಸಿನಿಂದ ತೆಗೆದುಹಾಕಿದೆ. (ಆ ನೀಲಿ ಗಾಜು ಮಾತ್ರ ಇನ್ನೂ ಹೋಗಿಲ್ಲ.)

ಆಮೇಲೆ ಎಷ್ಟೋ ಮನೆ ನೋಡಿದೆ. ಒಂದರ ಬಾವಿ ಎದುರು ಮನೆಯವರದು, ದಿನ ಬೆಳಗಾದರೆ ಜಗಳ. ಇನ್ನೊಂದರಲ್ಲಿ ನಡುಮನೆ ಕೊಟ್ಟಿಗೆಯಷ್ಟೂ ದೊಡ್ಡದಿಲ್ಲ. ಪ್ರತಿಯೊಂದಕ್ಕೂ ಪೆದ್ದಪ್ಪ “ಅರಮನೆ” ಎನ್ನುತ್ತಾನೆ. ಸೂರೇ ಇಲ್ಲದ ಒಂದು ಪಾಳು ಗೋಡೆಯ ಮುಂದೆಯೂ ಗಾಡಿ ನಿಲ್ಲಿಸಿ, “ಗಾಳಿ ಬೆಳಕಿಗೆ ಕಮ್ಮಿ ಇಲ್ಲಮ್ಮೋ” ಎಂದ.

ಈಗ ಉಸಿರು ಬಿಗಿಹಿಡಿಯಿರಿ. ಸಿಕ್ಕಿದೆ! ಕುರುಡುಮಲೆಗೆ ಒಂದು ಮೈಲಿ ಈಚೆ, ಹುಣಸೆ ಮರಗಳ ಪಕ್ಕದಲ್ಲಿ. ಕಲ್ಲುಚಪ್ಪಡಿಯ ಮಾಡು, ದಪ್ಪ ಮಣ್ಣಿನ ಗೋಡೆ. ಎಡಕ್ಕೆ ಕೊಟ್ಟಿಗೆ, ದನದ ಕೊರಳ ಗಂಟೆ ಜಗಲಿಗೂ ಕೇಳಿಸುತ್ತದೆ, ನಡುಮನೆಗೂ ಕೇಳಿಸುತ್ತದೆ. ರಾಗಿಗೆ ಹಗೇವು ಇದೆ; ನಾನು ನೆಲದಲ್ಲಿ ಇಷ್ಟು ದೊಡ್ಡ ಗುಂಡಿ ಏಕೆ ಎಂದು ಕೇಳಿ ನಗೆಪಾಟಲಾದೆ. ಹಿಂದೆ ಒಂದು ಕತ್ತಲೆ ಕೋಣೆ, ನಿಮ್ಮ ಹುಳಕ್ಕೆ. ಜಗಲಿ ಮೂಡಣಕ್ಕೆ ತೆರೆದಿದೆ.

ಅಜ್ಜಿಗೆ ಸರಿಹೋಗುತ್ತದೆಯೇ ಎಂದು ತಿಳಿಯುವುದು ಹೇಗೆ? ಪೆದ್ದಪ್ಪನ ಟವೆಲನ್ನು ಕಣ್ಣಿಗೆ ಕಟ್ಟಿಕೊಂಡು, ಗೋಡೆ ಸವರುತ್ತ ಜಗಲಿಯಿಂದ ಹಿತ್ತಲವರೆಗೂ ನಡೆದೆ. ಬೀಗದ ಕೈ ತಂದ ಪಕ್ಕದ ಮನೆಯ ಭಾರತಮ್ಮ, “ಅಯ್ಯೋ, ಈಯಮ್ಮಂಗೆ ಏನಾಯ್ತಪ್ಪಾ, ಏನಾರಾ ಮೆಟ್ಕೊಂಡೈತಾ?” ಎಂದು ಕೂಗಿದರು. ಎಲ್ಲೂ ಎಡವಲಿಲ್ಲ. ಹಿತ್ತಲ ಬಾಗಿಲು ಮಾತ್ರ ತಗ್ಗು, ಹಣೆ ಊದಿಕೊಂಡಿದೆ. ಅಜ್ಜಿ ನನಗಿಂತ ಗಿಡ್ಡ, ಅವರಿಗೆ ತಾಗುವುದಿಲ್ಲ.

ಮತ್ತೆ ಒಲೆಯ ವಿಷಯ. ಎಷ್ಟಿದೆ ಎಂದು ಕೇಳಿದ್ದೀರಿ. ನಿಮ್ಮ ಮನಸ್ಸಿನಲ್ಲಿರುವುದು ನನಗೆ ಅರ್ಥವಾಯಿತು ಅಕ್ಕ. ಇನ್ನೇನೂ ಹೇಳುವುದಿಲ್ಲ. ಬಂದು ನೋಡಿ!

ನಿಮ್ಮ ಜಾಣೆ ತಂಗಿ,
ಶ್ಯಾಮಲ

~

ಕ್ಯಾಲನೂರು
19 ಜುಲೈ 1938

ಶ್ಯಾಮಲಮ್ಮನವರಿಗೆ,

ಮನೆ ಎಲ್ಲರಿಗೂ ಒಪ್ಪಿಗೆ. ಕಣ್ಣು ಕಟ್ಟಿಕೊಂಡು ನಡೆದದ್ದನ್ನು ಅಜ್ಜಿ ಎರಡು ಸಲ ಓದಿಸಿಕೊಂಡರು. ಹಣೆಗೆ ಅರಿಶಿನ ಹಚ್ಚಿ.

ನನ್ನ ಮನಸ್ಸಿನಲ್ಲಿ ಏನೂ ಇಲ್ಲ. ಒಲೆ ಎಷ್ಟು ಎಂದಷ್ಟೇ ಕೇಳಿದ್ದು. ದಯವಿಟ್ಟು ಎಷ್ಟು ಎಂದು ಬರೆಯಿರಿ. ಹುಳ ಪೊರೆ ಬಿಡುವ ನಾಲ್ಕನೇ ಜ್ವರಕ್ಕೆ ಬಂದಿದೆ, ಹೆಚ್ಚು ಬರೆಯಲು ಹೊತ್ತಿಲ್ಲ.

ಗೌರಿ ಹಬ್ಬ ಕಳೆದ ಮೇಲೆ ಅತ್ತೆಯೂ ನಿಮ್ಮ ಭಾವನವರೂ ಮನೆ ನೋಡಲು ಬರುತ್ತಾರೆ.

ಆಂಜಿನಮ್ಮ

~

ಮುಳಬಾಗಿಲು
7 ಸೆಪ್ಟೆಂಬರ್ 1938

ಅಕ್ಕ,

ಇದನ್ನು ನೀವೊಬ್ಬರೇ ಓದಿ. ಭಾವನವರು ಊರು ಸೇರಿ ಹೇಳಿರಬಹುದು, ಆದರೆ ಏನು ಹೇಳಿದ್ದಾರೋ ನನಗೆ ತಿಳಿಯದು. ಏನು ನಡೆಯಿತು ಎಂಬುದೇ ನನಗೆ ತಿಳಿಯದು.

ಅತ್ತೆ ಬಂದಾಗ ಎಷ್ಟು ಸಂತೋಷವಾಗಿದ್ದರು! ಗಾಡಿಯಲ್ಲಿ ದಾರಿಯುದ್ದಕ್ಕೂ ತಮ್ಮ ತವರಿನ ಹೊಲದ ಕಥೆ. ಜಗಲಿಯ ಮೇಲೆ ಕುಳಿತು, “ಇಲ್ಲಿ ಅಜ್ಜಿ, ಇಲ್ಲಿ ನಾನು” ಎಂದು ಜಾಗ ಹಂಚಿದರು. ಹಗೇವಿನೊಳಗೆ ಬಗ್ಗಿ ನೋಡಿದರು. ಕೊಟ್ಟಿಗೆಯ ಗೋಡೆ ತಟ್ಟಿ, “ಗಟ್ಟಿಯಾಗೈತೆ” ಎಂದರು. ನಾನು ಹಿಂದೆಯೇ ಕುಣಿಯುತ್ತಿದ್ದೆ. ಆಮೇಲೆ ಅಡುಗೆಮನೆಗೆ ಹೋದರು.

ಅಲ್ಲಿ ನಿಂತುಬಿಟ್ಟರು. “ಇದೇನು?” ಎಂದರು. “ಎರಡನೇ ಒಲೆ ಅತ್ತೆ, ನಾನೇ ಹಾಕಿಸಿದೆ” ಎಂದೆ, ಹೆಮ್ಮೆಯಿಂದ. ಅವರು ನನ್ನ ಮುಖವನ್ನೇ ನೋಡಿದರು. ಭಾರತಮ್ಮ ತಂದ ಮಜ್ಜಿಗೆ ಮುಟ್ಟಲಿಲ್ಲ. ಹೊರಗೆ ಬಂದು ಭಾವನವರಿಗೆ, “ನನ್ನ ಶ್ರೀನಿವಾಸಪುರಕ್ಕೆ ಬಿಟ್ಬಿಡಪ್ಪ, ನಮ್ಮಣ್ಣನ ಮನೆಗೆ. ಅಜ್ಜಿನೂ ಅಲ್ಲಿಗೇ ಕಳ್ಸು. ಇವ್ರು ಹೆಂಗಾರ ಇರ್ಲಿ” ಎಂದರು. ಅದೇ ಗಾಡಿಯಲ್ಲಿ ಬಸ್ಸಿಗೆ ಹೋದರು. ತಿರುಗಿ ನೋಡಲಿಲ್ಲ.

ನಾನು ಮಾಡಿದ ತಪ್ಪೇನು ಅಕ್ಕ? ಅವರ ಮುಂದೆ ಇವರನ್ನು ಒಂದು ಸಲ ಕದಿರೇಶ್ ಎಂದು ಹೆಸರು ಹಿಡಿದು ಕರೆದೆ, ಬಾಯಿ ತಪ್ಪಿ. ಅದೇ ಇರಬಹುದೇ? ಅಥವಾ ಒಲೆಯ ಬಾಯಿ ಯಾವುದಾದರೂ ಕೆಟ್ಟ ದಿಕ್ಕಿಗೆ ಇದೆಯೇ? ಇವರನ್ನು ಕೇಳಿದರೆ, “ಅಮ್ಮನ ಮನಸ್ಸು ಅತ್ತಿಗೆಗೇ ಗೊತ್ತು” ಎನ್ನುತ್ತಾರೆ.

ಆ ಒಲೆ ನಿಮಗೆ ಅಕ್ಕ! ನೀವು ಒಲೆ ಎಷ್ಟು ಎಂದು ಕೇಳಿದಿರಿ, ಮತ್ತೆಯೂ ಕೇಳಿದಿರಿ. ಒಂದು ಸಾಲದು ಎಂದು ಬಾಯಿಬಿಟ್ಟು ಹೇಳಲು ನಿಮಗೆ ಸಂಕೋಚ ಎಂದುಕೊಂಡೆ. ಮದುವೆಯಲ್ಲಿ ನೋಡಿದ್ದೆನಲ್ಲ, ನೀವು ಎಷ್ಟು ಎತ್ತರ! ಅತ್ತೆಯ ಅಳತೆಯ ಒಲೆಗೆ ದಿನವಿಡೀ ಬಗ್ಗಿ ಬಗ್ಗಿ ನಿಮ್ಮ ಬೆನ್ನು ಏನಾಗಬೇಡ? ಕಾನ್ವೆಂಟಿನಲ್ಲಿ ನಿಂತು ಅಡುಗೆ ಮಾಡುವ ಒಲೆ ಇತ್ತು. ಅದೇ ಥರ, ಕಟ್ಟೆಯ ಮೇಲೆ, ನಿಮ್ಮ ಎತ್ತರಕ್ಕೆ ಹಾಕಿಸಿದೆ. ಭಾರತಮ್ಮನೇ ಮಣ್ಣು ಕಲಸಿದರು. “ಎರಡೊಲೆನಾ? ಆಗ್ಲೇನಮ್ಮಾ? ಮದುವೆ ಅರಿಶಿನ ಇನ್ನೂ ಆರಿಲ್ಲ!” ಎಂದು ನಕ್ಕರು. ಹೊಸ ಹುಡುಗಿಗೆ ಒಲೆಯ ಉಸಾಬರಿ ಏಕೆ ಎಂದು ಕೇಳುತ್ತಿದ್ದಾರೆ ಎಂದುಕೊಂಡು ನಾನೂ ನಕ್ಕೆ.

ಈಗ ಯಾರೂ ಬರುವುದಿಲ್ಲವೇ? ಮನೆ ಖಾಲಿಯಾಗಿಯೇ ಉಳಿಯುತ್ತದೆಯೇ?

ಶ್ಯಾಮಲ

~

ಕ್ಯಾಲನೂರು
14 ಸೆಪ್ಟೆಂಬರ್ 1938

ಶ್ಯಾಮಲ,

ಇನ್ನು ಮೇಲೆ ನೀವು ಎನ್ನಲು ನನ್ನಿಂದ ಆಗುವುದಿಲ್ಲ. ನೀನು ಎನ್ನುತ್ತೇನೆ.

ನಾನು ಮೊದಲ ಬಾರಿಗೆ ಕವರು ಕೊಂಡಿದ್ದೇನೆ. ನಮ್ಮೂರ ಟಪಾಲಿನವನು ಕಾರ್ಡನ್ನು ಜಗಲಿಕಟ್ಟೆಯಲ್ಲಿ ಗಟ್ಟಿಯಾಗಿ ಓದಿಯೇ ಕೊಡುವುದು. ಅದಕ್ಕೇ ಕಾರ್ಡಿನಲ್ಲಿ ಒಲೆ ಎಷ್ಟು ಎಂದು ಕೇಳಿ ಬಿಟ್ಟೆ, ಯಾಕೆ ಎಂದು ಬರೆಯಲಿಲ್ಲ. ನಿನಗೆ ತಿಳಿದಿರುತ್ತದೆ ಎಂದುಕೊಂಡೆ. ಅದು ನನ್ನ ತಪ್ಪು.

ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಚಿಕ್ಕಮಾವನವರ ಸಂಸಾರವೂ ಈ ಮನೆಯಲ್ಲೇ ಇತ್ತು. ಒಂದು ದಿನ ಬೆಳಿಗ್ಗೆ ಚಿಕ್ಕತ್ತೆ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಬೇರೆ ಒಲೆ ಹೂಡಿದರು. ಬಾಯಲ್ಲಿ ಯಾರೂ ಏನೂ ಹೇಳಲಿಲ್ಲ. ಹೊಗೆ ನೋಡಿಯೇ ಊರಿಗೆಲ್ಲ ಗೊತ್ತಾಯಿತು. ಸುಗ್ಗಿಯ ಹೊತ್ತಿಗೆ ನಡುಮನೆಗೆ ಅಡ್ಡಗೋಡೆ ಬಂತು. ಜೋಡಿ ಎತ್ತಿನಲ್ಲಿ ಒಂದು ಅವರಿಗೆ, ಒಂದು ನಮಗೆ. ಒಂಟಿ ಎತ್ತು ಗೋಡೆಯ ಆ ಕಡೆ ಮುಖ ಮಾಡಿ ಕೂಗುತ್ತಿತ್ತು. ನಮ್ಮ ಕಡೆ ಮನೆ ಒಡೆಯಿತು ಎನ್ನುವುದಿಲ್ಲ, ಒಲೆ ಬೇರೆಯಾಯಿತು ಎನ್ನುತ್ತಾರೆ. ಅತ್ತೆ ಅದನ್ನು ಮರೆತಿಲ್ಲ. ಚಿಕ್ಕ ಸೊಸೆ ಮಾತಿಲ್ಲದೆ ಹೇಳಬೇಕಾದದ್ದನ್ನು ಹೇಳಿಬಿಟ್ಟಳು ಎಂದು ಅವರು ತಿಳಿದಿದ್ದಾರೆ. ನೀನು ಗಂಡನ ಹೆಸರು ಕೂಗಿದ್ದು ಅವರ ಕಿವಿಗೂ ಬಿದ್ದಿರಲಿಕ್ಕಿಲ್ಲ.

ನಿನ್ನ ಕಾಗದವನ್ನು ನಾನೊಬ್ಬಳೇ ಓದಿದೆ. ಮೊದಲು ಸಿಟ್ಟು ಬಂತು. ಇಷ್ಟು ಓದಿದವಳಿಗೆ ಇಷ್ಟು ತಿಳಿಯದೇ ಎಂದು. ಆಮೇಲೆ ನನ್ನ ಎತ್ತರದ ಮಾತು ಓದಿದೆ. ಹುಳದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಈ ಮನೆಯಲ್ಲಿ ನನ್ನದು ಅಂತ ಇರುವುದು ಒಂದು ಚೊಂಬು, ಅದರ ಮೇಲೂ ನನ್ನ ಅಣ್ಣನ ಹೆಸರೇ ಇದೆ. ನನ್ನ ಬೆನ್ನು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಿನಗೆ ಸುಳ್ಳು ಹೇಳುವುದಿಲ್ಲ, ಆ ಒಲೆ ನನಗೆ ಬೇಕು ಅನ್ನಿಸಿತು. ಆದರೆ ಅದಕ್ಕಾಗಿ ಅತ್ತೆಯನ್ನೂ ಅಜ್ಜಿಯನ್ನೂ ಕಳೆದುಕೊಳ್ಳುವುದಕ್ಕೆ ಆಗುವುದಿಲ್ಲ.

ಅಜ್ಜಿಗೆ ಎಲ್ಲ ಹೇಳಿದೆ. ಅವರು ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದವರು ತಲೆ ಎತ್ತದೆ, “ಆ ಹುಡ್ಗಿ ಆ ಒಲೆ ಹೊತ್ತಿಸಿದ್ಲಾ? ಬೂದಿ ಬಿದ್ದೈತಾ ಅದ್ರಲ್ಲಿ? ಅದು ಕೇಳು ಮೊದ್ಲು” ಎಂದರು. ಯಾಕಜ್ಜಿ ಎಂದೆ. “ಬೇರೆ ಬೆಂಕಿ ಬಿದ್ರೆ ಬೇರೆ ಒಲೆ. ಬೀಳ್ದೇ ಇದ್ರೆ ಅದು ಬರೀ ಮಣ್ಣು. ಮಣ್ಣಿಗ್ಯಾಕಮ್ಮ ಕೋಪ?” ಎಂದರು.

ಆದ್ದರಿಂದ ಒಂದೇ ಒಂದು ಮಾತಿಗೆ ಉತ್ತರ ಕೊಡು. ನಿಜ ಹೇಳು. ಆ ಒಲೆ ಹೊತ್ತಿಸಿದ್ದೀಯಾ? ಹೊತ್ತಿಸಿದ್ದರೆ ಆಮೇಲೆ ನನ್ನಿಂದ ಏನೂ ಆಗುವುದಿಲ್ಲ.

ಆಂಜಿನಮ್ಮ

~

ಮುಳಬಾಗಿಲು
17 ಸೆಪ್ಟೆಂಬರ್ 1938

ಅಕ್ಕ,

ಹೊತ್ತಿಸಿಲ್ಲ. ಹೊತ್ತಿಸಲು ಹೋದೆ, ಆಗಲಿಲ್ಲ.

ಅತ್ತೆ ಬರುವ ಹಿಂದಿನ ದಿನ ಅದರಲ್ಲಿ ಹಾಲು ಕಾಯಿಸಿ ನೋಡೋಣ ಎಂದು ಹೋಗಿದ್ದೆ. ಬೆಂಕಿಪೊಟ್ಟಣ ಖಾಲಿಯಾಗುವವರೆಗೂ ಕಡ್ಡಿ ಗೀರಿದೆ. ಊದುಕೊಳವೆಯಲ್ಲಿ ಊದಿ ಊದಿ ತಲೆ ತಿರುಗಿತು. ಹೊಗೆ ಬಂತು, ಅಷ್ಟೇ. ಪೆದ್ದಪ್ಪ ಹೊರಗಿನಿಂದಲೇ, “ಸೊಳ್ಳೆಗೆ ಒಳ್ಳೇದಮ್ಮೋ” ಎಂದ. ಸೌದೆಯ ತುದಿ ಕಪ್ಪಾಗಿದೆ, ಬೂದಿ ಒಂದು ಚಿಟಿಕೆಯೂ ಇಲ್ಲ. ಆ ಮನೆಯಲ್ಲಿ ಮೊದಲೇ ಇದ್ದ ಒಲೆಯನ್ನು ನಾನು ಮುಟ್ಟಿಯೇ ಇಲ್ಲ.

ನನಗೆ ಒಲೆ ಹೊತ್ತಿಸಲು ಬರುವುದಿಲ್ಲ ಅಕ್ಕ. ಈ ಬಾಡಿಗೆ ಮನೆಯಲ್ಲಿ ಬೆಳಿಗ್ಗೆ ಬೇಗ ಎದ್ದು ಒಲೆ ಹೊತ್ತಿಸುವವರು ಇವರು. ಬೆಣ್ಣೆಯಂಥ ಮುದ್ದೆ ಎಂದು ಬರೆದಿದ್ದೆನಲ್ಲ, ಅದನ್ನು ತೊಳಸುವವರೂ ಇವರೇ. ನಾನು ಪಕ್ಕದಲ್ಲಿ ಕುಳಿತು ಪಾಠ ಹೇಳಿಸಿಕೊಳ್ಳುತ್ತೇನೆ. ಅತ್ತೆಗೆ ಇದು ಗೊತ್ತಾದರೆ ನನ್ನ ಕಥೆ ಮುಗಿಯಿತು.

ಒಲೆಯನ್ನು ಒಡೆಸಿಬಿಡಲೇ? ಒಂದು ಸಾಲು ಬರೆಯಿರಿ, ಇವತ್ತೇ ಹಾರೆ ಹಿಡಿಯುತ್ತೇನೆ. ಅದು ಸಹ ಬರುವುದಿಲ್ಲ, ಆದರೂ.

ಶ್ಯಾಮಲ

~

ಶ್ರೀನಿವಾಸಪುರ
29 ಸೆಪ್ಟೆಂಬರ್ 1938

ಶ್ಯಾಮಲ,

ಊರಿನ ಹೆಸರು ನೋಡಿ ಗಾಬರಿಯಾಗಬೇಡ. ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ನಾನೇ ಇಲ್ಲಿಗೆ ಬಂದೆ. ಮದುವೆಯಾದ ಮೇಲೆ ಒಬ್ಬಳೇ ಬಸ್ಸು ಹತ್ತಿದ್ದು ಇದೇ ಮೊದಲು. ಒಲೆ ಒಡೆಸಬೇಡ.

ಅತ್ತೆ ಅವರಣ್ಣನ ಮನೆಯ ಹಿತ್ತಲಲ್ಲಿ ಅವರೆಕಾಯಿ ಬಳ್ಳಿಗೆ ಕಡ್ಡಿ ಕೊಡುತ್ತಿದ್ದರು. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ.

“ನೀನೂ ಬಂದ್ಯಾ? ಅವ್ಳು ಕಟ್ಟಿದ್ಲು, ನೀನು ಹೊತ್ತಿಸ್ತೀಯಾ?”

“ಅತ್ತೆ, ಒಲೆ ಎಷ್ಟು ಅಂತ ಕೇಳ್ದೋಳು ನಾನು. ಒಂದೇ ಇರ್ಲಿ ಅಂತ ಕೇಳ್ದೆ. ಅವ್ಳು ಎರಡು ಬೇಕೇನೋ ಅಂದ್ಕೊಂಡ್ಲು.”

“ಅಷ್ಟೊಂದು ಇಂಗ್ಲೀಷ್ ಓದವ್ಳೆ. ಒಲೆ ಅಂದ್ರೇನು ಅಂತ ಗೊತ್ತಾಗಲ್ವಾ?”

“ಗೊತ್ತಾಗೋದಿರ್ಲಿ, ಹೊತ್ತಿಸೋಕೇ ಬರಲ್ಲ ಅತ್ತೆ.”

ಅತ್ತೆಯ ಕೈ ನಿಂತಿತು. “ಏನಂದೆ?”

ಆಮೇಲೆ ಎಲ್ಲ ಹೇಳಿಬಿಟ್ಟೆ. ಖಾಲಿಯಾದ ಬೆಂಕಿಪೊಟ್ಟಣ, ಹೊಗೆ, ಪೆದ್ದಪ್ಪನ ಸೊಳ್ಳೆ. ಮುದ್ದೆಯ ವಿಷಯವನ್ನೂ ಹೇಳಿದೆ. ನಿನ್ನ ಗುಟ್ಟು ಉಳಿಸಲು ಆಗಲಿಲ್ಲ, ಬೇಕಾದರೆ ನನ್ನನ್ನು ಬೈದುಕೋ.

“ನನ್ ಮಗ ಮುದ್ದೆ ತೊಳಸ್ತಾನಾ?” ಎಂದರು ಅತ್ತೆ. ನಾನು ಹೆದರಿದೆ. ಅವರ ಮೈ ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡೆ. ನೋಡಿದರೆ ನಗು! ಅವರೆ ಬಳ್ಳಿ ಹಿಡಿದುಕೊಂಡು ನಗು. “ಗಂಟಿಲ್ದಂಗೆ ತೊಳಸ್ತಾನಂತಾ? ಯಾವೋಳೇ ಕಲ್ಸಿದ್ದು ಅವ್ನಿಗೆ?” ನಾನೇ ಎಂದೆ. ಅವನು ಓದಲು ಮುಳಬಾಗಿಲಿಗೆ ಹೊರಟಾಗ ಹಸಿದುಕೊಂಡಿರಬಾರದು ಎಂದು ನಾನೇ ಕಲಿಸಿದ್ದು. ಅತ್ತೆ ಕಣ್ಣೊರೆಸಿಕೊಂಡು, “ಒಲೆ ಹೊತ್ತಿಸೋಕೆ ಬರ್ದೇ ಇರೋಳು ಒಲೆ ಬೇರೆ ಮಾಡ್ತಾಳಾ!” ಎಂದರು. ತಮಗೆ ತಾವೇ ಹೇಳಿಕೊಂಡ ಹಾಗೆ.

ಆದರೂ ಪೂರ್ತಿ ಕರಗಲಿಲ್ಲ. ಆ ಎತ್ತರದ ಒಲೆ ಯಾರಿಗೆ ಎಂದು ಕೇಳಿದರು. ನನ್ನ ಬೆನ್ನಿಗೆ ಎಂದೆ. ಬಳ್ಳಿಗೆ ಇನ್ನೊಂದು ಕಡ್ಡಿ ನೆಟ್ಟು, “ನಿನ್ ಬೆನ್ನು ನೋಯ್ತದೆ ಅಂತ ಒಂದಿನಾನೂ ಅಂದಿಲ್ವಲ್ಲೇ” ಎಂದರು. ನೀವು ಕೇಳಲಿಲ್ಲ ಎಂದೆ. ಇಷ್ಟು ವರ್ಷದಲ್ಲಿ ನಾನು ಅವರಿಗೆ ಎದುರು ಹೇಳಿದ್ದು ಅದೊಂದೇ ಮಾತು.

ನಾಳೆ ಅತ್ತೆ ನನ್ನ ಜೊತೆ ಊರಿಗೆ ಬರುತ್ತಾರೆ. ದೀಪಾವಳಿ ಕಳೆದ ಮೇಲೆ ಎಲ್ಲರೂ ಗಾಡಿಗಳಲ್ಲಿ ಹೊರಡುತ್ತೇವೆ. ಅಜ್ಜಿಯ ಅಪ್ಪಣೆ ಏನೆಂದರೆ, ಕ್ಯಾಲನೂರಿನ ಒಲೆಯ ಕೆಂಡವನ್ನೇ ಅಲ್ಲಿಗೆ ಒಯ್ಯಬೇಕು. ಮಡಕೆಗೆ ಬೂದಿ ಹಾಸಿ, ಕೆಂಡ ಇಟ್ಟು, ಬೆರಣಿ ಪುಡಿ ಉದುರಿಸುತ್ತ ನಾನು ತೊಡೆಯ ಮೇಲೆ ಇಟ್ಟುಕೊಂಡು ಬರುತ್ತೇನೆ. ಅದೇ ಕೆಂಡ ಎರಡು ಒಲೆಗೂ. ಅಲ್ಲಿಯವರೆಗೆ ನೀನು ಬೆಂಕಿಪೊಟ್ಟಣವನ್ನು ಮುಟ್ಟಬೇಡ. ನಿನ್ನನ್ನು ನಂಬಬಹುದು ಎಂದು ಈಗ ಅತ್ತೆಗೂ ಗೊತ್ತು.

ನಿನ್ನ ಅಕ್ಕ,
ಆಂಜಿನಮ್ಮ

~

ಮಾಲೂರು
4 ಮೇ 1939

ಅಕ್ಕ,

ಹೆರಿಗೆಗೆ ತವರು ಎಂದರೆ ಸುಖ ಎಂದು ಯಾರು ಹೇಳಿದರು? ಅಮ್ಮ ನನ್ನನ್ನು ಗಾಜಿನ ದೀಪದ ಹಾಗೆ ಇಟ್ಟಿದ್ದಾರೆ. ಅಪ್ಪ ರೈಲ್ವೆ ಗೂಡ್ಸ್ ಆಫೀಸಿನಿಂದ ಬಂದವರೇ, “ಮಗು ಊಟ ಮಾಡ್ತಾ?” ಎಂದು ಕೇಳುತ್ತಾರೆ. ಮಗು ಎಂದರೆ ನಾನು! ನಿನ್ನೆ ಎದ್ದು ಒಲೆ ಹೊತ್ತಿಸಿದೆ, ಒಂದೇ ಕಡ್ಡಿಗೆ. ಹೆಮ್ಮೆಯಿಂದ ತಿರುಗಿ ನೋಡಿದರೆ ಅಮ್ಮ ಬೈಯುತ್ತ ನನ್ನನ್ನು ಎಬ್ಬಿಸಿ ಚಾಪೆಗೆ ಕಳಿಸಿದರು. ಯಾರೂ ಹೊಗಳಲಿಲ್ಲ.

ಇಲ್ಲಿ ಮಧ್ಯಾಹ್ನ ಬಹಳ ಉದ್ದ. ಆ ದಿನವನ್ನೇ ಮತ್ತೆ ಮತ್ತೆ ನೆನೆಯುತ್ತೇನೆ. ನೀವು ಗಾಡಿಯಿಂದ ಇಳಿದಾಗ ಮುಖವೆಲ್ಲ ಮಸಿ, ಸೆರಗಿನ ತುಂಬ ಕಿಡಿ ಸುಟ್ಟ ತೂತು. ಅಜ್ಜಿ ಹಿಂದಿನ ಗಾಡಿಯಿಂದ, “ಆರಿಲ್ಲ ತಾನೇ? ಲೇ, ಆರಿಲ್ಲ ತಾನೇ?” ಎಂದು ಕೂಗುತ್ತಿದ್ದರು. ಅತ್ತೆ ಮೊದಲೇ ಇದ್ದ ಒಲೆಗೆ ಕೆಂಡ ಹಾಕಿ ಊದಿದರು. ಆಮೇಲೆ ಇನ್ನೊಂದು ಒಲೆಯ ಮುಂದೆ ನಿಂತರು. ಇಕ್ಕಳವನ್ನು ನನ್ನ ಕೈಗೆ ಕೊಟ್ಟು, “ಹಾಕು, ಅಕ್ಕನ ಒಲೆಗೆ” ಎಂದರು. ಅದು ಹೊತ್ತಿಕೊಂಡಿತು. ನನ್ನ ಜೀವನದ ಮೊದಲ ಒಲೆ!

ಆಮೇಲೆ ನೀವು ಒಂದು ಕಾಗದವನ್ನೂ ಬರೆದಿಲ್ಲ. ಒಂದೇ ಮನೆಯಲ್ಲಿದ್ದೆವು, ಹೇಗೆ ಬರೆಯುತ್ತೀರಿ? ಈಗ ಬರೆಯಿರಿ. ಕಾರ್ಡು ಬೇಡ.

ಶ್ಯಾಮಲ

~

ಕುರುಡುಮಲೆ ದಾರಿಯ ಮನೆ
15 ಮೇ 1939

ನನ್ನ ತಂಗಿ ಶ್ಯಾಮಲ,

ಕವರಿನಲ್ಲೇ ಬರೆಯುತ್ತಿದ್ದೇನೆ, ಎರಡು ಹಾಳೆ ಹಾಕಿ. ನಿನ್ನ ಗಾಳಿ ನನಗೂ ಬಡಿದಿದೆ. ಮೊನ್ನೆ ಪೆದ್ದಪ್ಪ, “ದೊಡ್ಡಮ್ಮಣ್ಣಿ ಈಗೀಗ ಮಾತಾಡ್ತಾರಮ್ಮೋ” ಎಂದ. ಮನೆಯೊಳಗೆ ಬಂದವನು ಸುತ್ತ ನೋಡಿ ಮತ್ತೆ “ಅರಮನೆ” ಎಂದ. ಮೊದಲ ಸಲ ನಿಜ ಹೇಳಿದೆ ಕಣಪ್ಪ ಎಂದೆ.

ಅಜ್ಜಿ ಚೆನ್ನಾಗಿದ್ದಾರೆ. ಗೋಡೆ ಸವರುವುದನ್ನೂ ಬಿಟ್ಟು, ಬರೀ ದನದ ಗಂಟೆಯ ಗುರುತಿನಲ್ಲೇ ಜಗಲಿಗೂ ಹಿತ್ತಲಿಗೂ ಓಡಾಡುತ್ತಾರೆ. ಹಿತ್ತಲ ಬಾಗಿಲಿಗೆ ಬಂದಾಗಲೆಲ್ಲ ಮೇಲಿನ ಕಟ್ಟನ್ನು ಮುಟ್ಟಿ, “ಇದೇ ಅಲ್ವಾ ನಮ್ ಹುಡ್ಗಿ ಹಣೆ ಬಡಿದಿದ್ದು” ಎಂದು ಯಾರಿಗಾದರೂ ಹೇಳಿಯೇ ಮುಂದೆ ಹೋಗುವುದು. ಹುಳ ಈ ಸಲ ಚೆನ್ನಾಗಿ ಗೂಡು ಕಟ್ಟಿದೆ. ಆ ಕತ್ತಲೆ ಕೋಣೆ ಹೇಳಿ ಮಾಡಿಸಿದ ಹಾಗಿದೆ. ಕದಿರೇಶ ಸ್ಕೂಲಿಗೆ ರಜೆ ಇರುವ ಭಾನುವಾರ ಬರುತ್ತಾನೆ, ಬಂದವನು ನಿನ್ನ ಕಾಗದ ಬಂತಾ ಎಂದು ನೇರವಾಗಿ ಕೇಳುವುದಿಲ್ಲ. ಟಪಾಲಿನವನು ಈ ಕಡೆ ಬಂದಿದ್ದನಾ ಎಂದು ಕೇಳುತ್ತಾನೆ.

ಈಗ ಒಂದು ದೂರು. ನೀನು ನನಗೆ ಕಟ್ಟಿಸಿದ ಒಲೆ ಹೋಯಿತು! ಅತ್ತೆಗೆ ಮಂಡಿ ನೋವು, ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ. ಒಂದು ದಿನ ನಾನು ಹಾಲು ಕರೆಯಲು ಹೋದಾಗ ಕಾಲ ಕೆಳಗೆ ಮಣೆ ಹಾಕಿಕೊಂಡು ಎತ್ತರದ ಒಲೆಯ ಮುಂದೆ ನಿಂತು ಸಾರು ಕುದಿಸಿದರು. ಮಾರನೆಯ ದಿನವೂ ಅಲ್ಲೇ. ಈಗ ನಾನು ಹತ್ತಿರ ಹೋದರೆ, “ಆ ಕಡೆ ಹೋಗೇ, ನನ್ನೊಲೆ” ಎನ್ನುತ್ತಾರೆ. ನಾನು ಬೆನ್ನು ಹಿಡಿದುಕೊಂಡು ತೋರಿಸಿದೆ. “ಮುದ್ದೆ ತೊಳಸೋ ಹೊತ್ತಿಗೆ ನಿಂಗೆ ಕೊಡ್ತೀನಿ, ಹೋಗು” ಎಂದರು. ಕೊಡುತ್ತಾರೆ. ನಿಂತುಕೊಂಡು ಮುದ್ದೆ ತೊಳಸುವುದು ಎಂಥ ಸುಖ ಎಂದು ನಿನಗೆ ಹೇಗೆ ಹೇಳಲಿ!

ಇನ್ನು ಈ ಕಾಗದ ಬರೆಯಲು ಕಾರಣವಾದ ವಿಷಯ. ನಿನ್ನೆ ಭಾರತಮ್ಮ ಬಂದು ಕುಳಿತಿದ್ದಾಗ ಮಾತು ನಿನ್ನ ಕಡೆಗೆ ತಿರುಗಿತು. ಹೆರಿಗೆಯಾಗಿ ಮೂರು ತಿಂಗಳು ತುಂಬಿದ ಮೇಲೆ ಬಾಣಂತಿಯೂ ಮಗುವೂ ಮನೆಗೆ ಬರುತ್ತಾರಲ್ಲ ಎಂದೆವು. ಅತ್ತೆ ರಾಗಿ ಕೇರುತ್ತಿದ್ದವರು ಇದ್ದಕ್ಕಿದ್ದಂತೆ ಎದ್ದು ಅಡುಗೆಮನೆಗೆ ಹೋದರು. ಒಂದು ಒಲೆ ನೋಡಿದರು, ಇನ್ನೊಂದು ನೋಡಿದರು, ಬಚ್ಚಲಿಗೆ ಹೋಗಿ ಹಂಡೆಯನ್ನು ನೋಡಿದರು. ಹೊರಗೆ ಬಂದು ಭಾರತಮ್ಮನಿಗೆ ಹೇಳಿದರು:

“ಕೂಸಿನ ನೀರಿಗೆ ಬೇರೆ ಒಲೆ ಬೇಕು ಕಣಮ್ಮ. ನಾಳೆ ಮಣ್ಣು ಕಲ್ಸು.”

ಭಾರತಮ್ಮ ನನ್ನ ಮುಖ ನೋಡಿದರು. ನಾನು ಅಜ್ಜಿಯ ಮುಖ ನೋಡಿದೆ. ಅಜ್ಜಿ ಬಿಸಿಲಿಗೆ ಮುಖ ಒಡ್ಡಿಕೊಂಡೇ ತಮ್ಮ ಸೊಸೆಗೆ, “ಗಂಗೀ, ಮೂರೊಲೆ ಆಯ್ತಲ್ಲೇ!” ಎಂದರು.

“ಆಗ್ಲಿ ಬಿಡತ್ತೆ,” ಎಂದರು ನಮ್ಮತ್ತೆ, “ಕೆಂಡ ನಮ್ಮನೇದೇ ಅಲ್ವಾ.”

ಮಣ್ಣು ಕಲಸಿ ಆಗಿದೆ. ಒಲೆ ಎಷ್ಟು ಎತ್ತರ ಇರಬೇಕೆಂದು ನಿನ್ನನ್ನೇ ಕೇಳಿ ಬರೆಯಬೇಕಂತೆ, ಅತ್ತೆಯ ಅಪ್ಪಣೆ. ಭಾರತಮ್ಮ ಕೈಯಲ್ಲಿ ಮಣ್ಣು ಹಿಡಿದು ಕಾಯುತ್ತಿದ್ದಾರೆ. ಬೇಗ ಬರೆ.

ನಿನ್ನ ಅಕ್ಕ,
ಆಂಜಿನಮ್ಮ